ಗಟ್ಟಿಯಾಗಿ ಓದುವ ಮನೆ

"ಯಾಕ ನಿಂತಿ, ಮಾನ್ಯಾ? ಧ್ವನಿನ ಇಲ್ಲಲ್ಲ!" ಪಡಸಾಲೆಯಿಂದ ಅಪ್ಪನ ಕೂಗು ಬಂತು.

ಮಾನ್ಯಾ ಹಲ್ಲು ಕಚ್ಚಿದಳು. ದಿಲ್‌ಸುಖ್‌ನಗರದ ಆ ಮನೆಯಲ್ಲಿ ಓದು ಎಂದರೆ ಗಟ್ಟಿಯಾಗಿ ಓದುವುದು. ಅಪ್ಪ ನರಹರಿ ನಾಚಾರಂನ ಕಾರ್ಖಾನೆಯಿಂದ ಎಷ್ಟೇ ದಣಿದು ಬಂದರೂ ಬಾಗಿಲ ಪಕ್ಕ ಕೂತು ಮಗಳ ಧ್ವನಿಗೆ ಕಿವಿಗೊಡುತ್ತಿದ್ದರು. ಪಾರಾಯಣದ ಹಾಗೆ, ಶುರು ಮಾಡಿದ್ದು ಮುಗಿಯುವವರೆಗೆ ನಿಲ್ಲಬಾರದು. ಹಾಗೆ ಓದಿಯೇ ಅವಳು ಶಾಲೆ, ಕಾಲೇಜು, ಎಂಎಸ್ಸಿ ಎಲ್ಲ ದಾಟಿ ಗಣಿತದ ಪಿಎಚ್‌ಡಿಗೂ ಸೇರಿದ್ದಳು.

ಇಂದು ಬೆಳಿಗ್ಗೆ ಆ ಓದು ಕೈಕೊಟ್ಟಿತು. ಗೈಡ್ ಅಹಲ್ಯಾ ಮೇಡಂ ಕೊಟ್ಟ ಪ್ರಬಂಧದ ಪ್ರಮೇಯವನ್ನು, ಅದರ ಸಾಧನೆಯನ್ನು, ಒಂದಕ್ಷರ ತಪ್ಪದೆ ಒಪ್ಪಿಸಿದ್ದಳು. ಮೇಡಂ ಕೇಳಿದ್ದು ಇಷ್ಟೇ: ಗಣ ಪರಿಮಿತ, ಅಂದರೆ ಅದರ ಅಂಶಗಳಿಗೆ ಕೊನೆಯುಂಟು, ಎಂಬ ಷರತ್ತು ತೆಗೆದರೆ ವಾದ ಎಲ್ಲಿ ಮುರಿಯುತ್ತದೆ? ಮಾನ್ಯಾ ಮತ್ತೆ ಮೊದಲ ಸಾಲಿನಿಂದ ಒಪ್ಪಿಸತೊಡಗಿದಳು. ನಾಳೆಯೂ ಹೇಳಲಾಗದಿದ್ದರೆ ಬೇರೆ ಗೈಡ್ ನೋಡಿಕೋ ಎಂದುಬಿಟ್ಟರು ಮೇಡಂ.

ಈಗ ಒಂದೇ ಸಾಲಿನ ಮೇಲೆ ಪೆನ್ಸಿಲ್ ಊರಿ ಕೂತಿದ್ದಳು. ನರಹರಿ ಬಾಗಿಲಿಗೆ ಬಂದರು.

"ಓದಾಕ ಮನಸ್ಸಿಲ್ಲೇನು?"

"ಓದಾಕತ್ತೀನ್ರಿ ಅಪ್ಪಾ."

"ಬಾಯಿ ಮುಚ್ಕೊಂಡು ಎಂಥಾ ಓದು? ಜೋರ್ ಓದು, ತಲಿಗೆ ಹತ್ತತೈತಿ."

ಸಿಟ್ಟು ನೆತ್ತಿಗೇರಿತು. "ನಿಮಗ ಕೇಳಲಿ ಅಂತನ ಇಷ್ಟು ವರ್ಷ ಓದೀನಿ. ನನಗ ಒಂದೂ ತಿಳಿದಿಲ್ಲ!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ನರಹರಿ ಮನೆ ಮುಂದಿನ ಗ್ಯಾಲರಿಗೆ ಹೋದರು. ಅವಳಿಗೆ ಅಳು ಬಂತು. ಅಳುತ್ತಲೇ ಒಂದು, ಎರಡು, ಮೂರು ಎಂದು ಕೊನೆಯಿಲ್ಲದ ಅಂಕಿಗಳ ಸಾಲು ಹಾಕಿ, ಪ್ರತಿಯೊಂದನ್ನೂ ಒಂದು ಜಾಗ ಮುಂದೆ ಸರಿಸಿದಳು. ಹೊಡೆದುಹಾಕಿದಳು, ಮತ್ತೆ ಬರೆದಳು. ಎಲ್ಲ ಅಂಕಿಗೂ ಜಾಗ ಸಿಕ್ಕಿತು, ಆದರೆ ಮೊದಲನೆಯ ಜಾಗ ಖಾಲಿ ಉಳಿಯಿತು. ಪರಿಮಿತ ಗಣದಲ್ಲಿ ಹೀಗಾಗುವುದು ಸಾಧ್ಯವೇ ಇಲ್ಲ. ಬಾಯಿಪಾಠ ಮಾಡಿದ್ದ ಸಾಧನೆಯ ಮೂರನೆಯ ಸಾಲು, ಯಾವ ಜಾಗವೂ ಖಾಲಿ ಉಳಿಯದು ಎಂಬುದು, ಇಲ್ಲೇ ಮುರಿಯುತ್ತಿತ್ತು!

ಹಾಳೆ ಹಿಡಿದು ಗ್ಯಾಲರಿಗೆ ಓಡಿದಳು. "ಅಪ್ಪಾ, ಸಿಕ್ತರಿ!"

ನರಹರಿಯ ಮುಖ ಅರಳಿತು. "ಹೌದಾ? ಹಂಗಾರ ಓದು, ಕೇಳ್ತೀನಿ."

"ಇದರಾಗ ಓದೂದು ಏನೂ ಇಲ್ಲರಿ."

ಅವರು ಹಾಳೆ ಇಸಿದುಕೊಂಡರು. ಕನ್ನಡಕ ಏರಿಸಿ, ಹೊಡೆದುಹಾಕಿದ ಅಂಕಿಗಳ ನಡುವೆ, ಬಾಯಿಬಿಟ್ಟು ಓದಬಹುದಾದ ಒಂದು ಸಾಲಿಗಾಗಿ ಬೆರಳಾಡಿಸುತ್ತ ನಿಂತರು.