ಒಂದು ಟ್ಯಾಂಕರ್ ನೀರು

“ಏ ರಂಡೀ, ಗುದ್ದಲಿ ಎತ್ತ! ಗಂಡ ಸತ್ತು ಹತ್ತ ತಿಂಗಳಾತು, ಇನ್ನೂ ನೆಲಕ್ಕ ಕಿವಿ ಕೊಟ್ಟು ಕುಂತೀಯಲ್ಲ. ಒಳಗಿಂದ ಫೋನ್ ಮಾಡ್ತಾನೇನು?”

ಮೇಲೆ ನಿಂತಿದ್ದ ಇಬ್ಬರು ನಕ್ಕರು. ಗುಂಡಿಯ ತಳದಲ್ಲಿದ್ದ ನಾಗಿ ಕೆನ್ನೆಗೆ ಮೆತ್ತಿದ ಮಣ್ಣು ಒರೆಸಿಕೊಂಡು ಎದ್ದಳು. ಮೇಸ್ತ್ರಿ ಬಸಪ್ಪ ಹಾವೇರಿ ಕಡೆಯವನು. ಅವನ ಬೈಗುಳ ದಿನಾ ಹಾಜರಿಯ ಜೊತೆಗೇ ಶುರುವಾಗುತ್ತಿತ್ತು.

ಸೊಂಟದಾಳಕ್ಕೇ ಕೆಂಪು ಮಣ್ಣು ಮುಗಿದು ಬಿಳಿ ಜೇಡಿ ಸಿಕ್ಕಿತ್ತು. ಈಗ ಗುಂಡಿ ಆಳೆತ್ತರ ದಾಟಿದ್ದರೂ ಜೇಡಿ ಮುಗಿದಿರಲಿಲ್ಲ. ನಿನ್ನೆ ಸುರಿದ ಒಂದು ಕೊಡ ನೀರು ಮೂಲೆಯಲ್ಲಿ ಹಾಗೇ ಕಣ್ಣು ಬಿಟ್ಟುಕೊಂಡಿತ್ತು.

“ಇದು ನೀರು ಕುಡಿಯೂದಿಲ್ಲ ಮೇಸ್ತ್ರಿ. ಆ ಮೇಲಿನ ಮೂಲೇಲಿ ತೆಗೀರಿ. ಅಲ್ಲಿ ಅಡಿಗೆ ಚಿರೆಕಲ್ಲು ಅದೆ. ಎಷ್ಟು ಸುರಿದ್ರೂ ಕುಡೀತದೆ.”

“ಅದು ಮೂಲಿ ಸೈಟು. ಎರಡೂ ಕಡೆ ರಸ್ತೆ. ಅಲ್ಲಿ ತೋಡಿದ್ರ ಮಾಲಕರು ನನ್ನ ಅದರಾಗ ಹುಗೀತಾರ. ನೀ ಏನ್ ಇಂಜಿನಿಯರಾ? ಹೋಗು, ಪೈಪ್ ಹೊತ್ಕೊಂಡು ಬಾ.”

ಪೈಪು ಅಂದಕೂಡಲೇ ನಾಗಿಗೆ ಗೊತ್ತಾಯಿತು.

ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವ ರಸ್ತೆಯ ಪಕ್ಕ ಗುಡ್ಡವೊಂದನ್ನು ಬೋಳಿಸಿ ಉಲ್ಲಾಸ ಹೆಗಡೆ ಲೇಔಟ್ ಮಾಡಿದ್ದ. ಮೊದಲು ಅಲ್ಲಿ ಬಿದ್ದ ಮಳೆ ಮರದ ಬುಡದಲ್ಲಿ ಇಳಿಯುತ್ತಿತ್ತು. ಈಗ ಕಾಂಕ್ರೀಟ್ ರಸ್ತೆಯ ಮೇಲೆ ಓಡುತ್ತಿತ್ತು. ಲೇಔಟಿನ ಮಳೆ ಲೇಔಟಿನಲ್ಲೇ ಇಂಗಬೇಕು ಎಂಬುದು ಲೇಔಟಿಗೆ ಮಂಜೂರಿ ಕೊಡುವ ಸರ್ಕಾರಿ ಕಚೇರಿಯವರ ಷರತ್ತು. ಇಂಗುಗುಂಡಿಗೆ ಒಂದು ಟ್ಯಾಂಕರ್ ನೀರು ಬಿಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಇಳಿದರೆ ಸಹಿ.

ಹೋದ ವರ್ಷದ ಮೊದಲ ಗುಂಡಿಯಲ್ಲೂ ಜೇಡಿಯೇ ಬಂದಿತ್ತು. ಬಸಪ್ಪ ಹೇಳಿದಂತೆ ನಾಗಿಯ ಗಂಡ ಹೊನ್ನ ತಳದಲ್ಲಿ ಕಿಂಡಿ ಕೊರೆದು, ಗುಡ್ಡದ ಇಳಿಜಾರಿಗೆ ಪೈಪು ಹೂತು, ಕಿಂಡಿಯ ಮುಂದೆ ಚಪ್ಪಡಿ ಒರಗಿಸಿದ್ದ. ಮೇಲಿಂದ ನೋಡಿದವರಿಗೆ ನೆಲವೇ ನೀರು ಕುಡಿದಂತೆ ಕಂಡಿತ್ತು. ಇಳಿಜಾರಿನ ಕೆಳಗೆ ಅವರದೇ ಕೇರಿ, ಹನ್ನೊಂದು ಮನೆ. ಆಷಾಢದಲ್ಲಿ ನೀರು ಗೋಡೆಯ ಬುಡದಿಂದ ಎದ್ದಿತು. ಬೆಳಿಗ್ಗೆ ಹೊನ್ನ ಚಹಾ ಕುಡಿಯುತ್ತ ಕೂತಿದ್ದಾಗ ಹಿಂಗೋಡೆ ಅವನ ಮೇಲೆ ಬಿತ್ತು. ವರದಿಯಲ್ಲಿ ಮಳೆ ಎಂದು ಬರೆದರು.

ನಾಗಿ ಆರಿಂಚಿನ ಪೈಪುಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ತಂದಳು.

*

“ಹೊನ್ನ ಇವತ್ತು ಮಧ್ಯಾಹ್ನ ಪೂರ್ತಿ ನೆಲದ ಅಡಿಗೆ ಓಡಾಡ್ದ,” ಎಂದಳು ಅತ್ತೆ ಚೌಡಮ್ಮ. ಮಗ ಸತ್ತಂದಿನಿಂದ ಅವಳ ಕಾಲೆರಡೂ ಬಿದ್ದುಹೋಗಿದ್ದವು. ಹಾಸಿಗೆ ನೆಲದ ಮೇಲೇ.

“ಮೇ ತಿಂಗಳು ಅತ್ತೆ. ಈಗೆಲ್ಲಿ ನೀರು?”

“ನೀರು ಅಂದ್ನೇನೇ ನಾನು? ಹೊನ್ನ ಅಂದೆ.”

ನಾಗಿ ಒಲೆಗೆ ಕಟ್ಟಿಗೆ ತುರುಕಿದಳು. ಹೊಸದಾಗಿ ಕಟ್ಟಿದ ಹಿಂಗೋಡೆಯ ಮೇಲೆ ಹಳೆಯ ಗೋಡೆಯ ಒದ್ದೆ ಮತ್ತೆ ಮೂಡಿತ್ತು, ಅದೇ ಜಾಗದಲ್ಲಿ, ಬಿಸಿಲಲ್ಲೂ. ಅವಳೂ ಕೇಳಿಸಿಕೊಂಡಿದ್ದಳು. ಹೊಟ್ಟೆ ಗುಳುಗುಟ್ಟಿದಂಥ ಸದ್ದು, ಆಮೇಲೆ ಯಾರೋ ಕೆಸರಿನಿಂದ ಕಾಲು ಕಿತ್ತಿಟ್ಟ ಹಾಗೆ. ಅದು ಅಡುಗೆಯ ಮೂಲೆಯಿಂದ ಹೊರಟು ಬಾಗಿಲವರೆಗೆ ಹೋಗಿ ನಿಲ್ಲುತ್ತಿತ್ತು. ಬಾಗಿಲು ದಾಟುತ್ತಿರಲಿಲ್ಲ.

“ಹೊಸ ಪೈಪು ಎಲ್ಲಿ ಬಾಯಿ ಬಿಡ್ತದೆ?” ಚೌಡಮ್ಮ ಕೇಳಿದಳು.

“ನಿಮ್ಮ ಹಾಸಿಗೆ ಹಿಂದೆ.”

“ಹೊತ್ತವ್ರು ಯಾರು?”

ನಾಗಿ ಒಲೆಯ ಕಡೆ ಬಗ್ಗಿ ಬೆಂಕಿ ಊದಿದಳು.

“ಹೌದು,” ಎಂದಳು ಮುದುಕಿ. “ಅವನೂ ಅವತ್ತು ಹೇಳ್ಲಿಲ್ಲ.”

*

ತಪಾಸಣೆಯ ದಿನ ಉಲ್ಲಾಸ ಗಂಗಾಪೂಜೆ ಇಟ್ಟುಕೊಂಡ. ಗುಂಡಿಯ ದಂಡೆಗೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದರು. ಭಟ್ಟರು ಬಂದವರೇ ಕೂಲಿಯವರನ್ನು ಕಂಡು ನಿಂತರು.

“ಇವ್ರು ಇಲ್ಲೇ ಇರ್ತ್ವನಾ?”

“ಇಲ್ಲೆ, ದೂರ ಕಳಿಸ್ತಿ. ನಿಂಗ ಶುರು ಮಾಡಿ ಭಟ್ರೆ, ಮೇಡಂ ಬಂದಾತು,” ಎಂದು ಉಲ್ಲಾಸ ಬಸಪ್ಪನತ್ತ ತಿರುಗಿದ. “ಇವ್ರನ್ನ ಆಚೆ ನಿಲ್ಸೋ. ಪೂಜೆ ಆದ್ಮೇಲೆ ಯಾರೂ ದಂಡೆ ಮುಟ್ಟೂದು ಬೇಡ.”

ಭಟ್ಟರು ಗುಂಡಿಯೊಳಗೆ ನಾಲ್ಕು ಸಲ ನೀರು ಪ್ರೋಕ್ಷಿಸಿದರು. ಹನ್ನೆರಡು ದಿನ ಅದರ ತಳದಲ್ಲಿ ನಾಗಿಯ ಬೆವರು ಬಿದ್ದಿತ್ತು.

ಕಚೇರಿಯ ಇಂಜಿನಿಯರ್ ತನುಜಾ ಜೀಪಿನ ನೆರಳಲ್ಲಿ ಫೈಲು ಬಿಚ್ಚಿಕೊಂಡು ನಿಂತಿದ್ದಳು. ನಾಗಿ ಬಳಸಿಕೊಂಡು ಹೋಗಿ ಅವಳೆದುರು ನಿಂತಳು.

“ಅಮ್ಮಾ, ಒಳಗೆ ಪೈಪ್ ಅದೆ. ನೀರು ಇಂಗೂದಿಲ್ಲ, ನಮ್ಮ ಮನೆಗೆ ಬರ್ತದೆ. ಚಪ್ಪಡಿ ಸರಿಸಿ ಒಂದ್ಸಲ ನೋಡಿ.”

“ಅವಳ ಮಾತು ಬಿಡಿ ಮೇಡಂ,” ಉಲ್ಲಾಸ ನಗುತ್ತ ಬಂದ. “ಗಂಡ ಹೋದಾಗಿಂದ ತಲೆ ಸರಿ ಇಲ್ಲ. ನೆಲಕ್ಕೆ ಕಿವಿ ಇಟ್ಟು ಗಂಡನ ಹತ್ರ ಮಾತಾಡ್ತಾಳೆ. ಬೇಕಾದ್ರೆ ಮೇಸ್ತ್ರೀನ ಕೇಳಿ.”

“ಖರೇ ರೀ,” ಎಂದ ಬಸಪ್ಪ.

ತನುಜಾ ನಾಗಿಯ ಕೈ ನೋಡಿದಳು, ಕೆಸರಿನ ಸೀರೆಯ ಅಂಚು ನೋಡಿದಳು. ಗುಂಡಿಯ ಕಡೆ ನೋಡಲಿಲ್ಲ. “ಏನಿದ್ರೂ ಅರ್ಜಿ ಕೊಡಮ್ಮ. ಇವತ್ತು ನಾನು ಬಂದಿರೋದು ಅಳತೆಗೆ ಮಾತ್ರ.”

ಯಲ್ಲಾಪುರದ ಡ್ರೈವರ್ ಹಯಾತ್ ಟ್ಯಾಂಕರನ್ನು ಹಿಂದಕ್ಕೆ ತಂದು ನಿಲ್ಲಿಸಿ ವಾಲ್ವ್ ತಿರುಗಿಸಿದ. ತನುಜಾ ಮೊಬೈಲಿನಲ್ಲಿ ಗಡಿಯಾರ ಒತ್ತಿದಳು. ನೀರು ಹೂವು, ಕುಂಕುಮ, ಅಕ್ಕಿಕಾಳನ್ನೆಲ್ಲ ತಿರುಗಿಸುತ್ತ ತಳದಲ್ಲಿ ಹರಡಿ, ಚಪ್ಪಡಿಯ ಕಡೆ ಸೆಳೆದುಕೊಂಡು ಮಾಯವಾಯಿತು.

“ಕಂಡ್ರಾ ಮೇಡಂ? ನಮ್ಮ ಮಣ್ಣು ಅಂದ್ರೆ ಹಿಂಗೆ!”

ನಾಗಿ ರಂಗೋಲಿಯ ಮೇಲೆ ಹಾದು ಬಂದಳು. ಯಾರಿಗೂ ತಡೆಯಲು ಹೊಳೆಯುವ ಮೊದಲೇ ಏಣಿಯಿಂದ ಇಳಿದಾಗಿತ್ತು. ಎರಡೂ ಕೈಯಿಂದ ಚಪ್ಪಡಿ ಉರುಳಿಸಿ, ಕಿಂಡಿಗೆ ಬೆನ್ನು ಕೊಟ್ಟು ಕೂತಳು. ಕಾಲು ಚಾಚಿ ಎದುರಿನ ಜೇಡಿಗೆ ಹಿಮ್ಮಡಿ ಊರಿದಳು.

ನೀರು ನಿಂತಿತು. ಆಮೇಲೆ ಏರತೊಡಗಿತು.

“ಹಲ್ಕಟ್ ರಂಡೀ, ಏಳ ಮ್ಯಾಲೆ! ಏ, ಎಳೀರಲೇ ಅಕೀನ!” ಬಸಪ್ಪ ಕೂಗಿದ.

ಕೇರಿಯ ಐದು ಜನ ಆಳುಗಳು ಆಚೆಯೇ ನಿಂತಿದ್ದರು. ಅವರಲ್ಲಿ ಹಿರಿಯನಾದ ಶಾಂತಾರಾಮ ಕೈ ಕಟ್ಟಿಕೊಂಡ.

“ದಂಡೆ ಮುಟ್ಬೇಡಿ ಅಂದಾರಲ್ಲ ಒಡೇರು.”

ಉಲ್ಲಾಸ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಕೆಳಗೆ ನೀರು ಕುಂಕುಮ ಕದಡಿ ಕೆಂಪಾಗಿತ್ತು. ತನ್ನ ಬಿಳಿ ಪಂಚೆ ನೋಡಿಕೊಂಡ, ಭಟ್ಟರ ಮುಖ ನೋಡಿದ, ಕಾಲು ಹಿಂದಕ್ಕೆ ತೆಗೆದ. “ನಿಲ್ಸಾ, ಹಯಾತ್! ನೀರು ನಿಲ್ಸಾ!”

ಹಯಾತ್ ವಾಲ್ವಿನ ಮೇಲೆ ಕೈ ಇಟ್ಟ.

“ಎಷ್ಟಾಯ್ತು?” ಉಲ್ಲಾಸ ತನುಜಾಳನ್ನು ಕೇಳಿದ.

“ಒಂಬತ್ತು ನಿಮಿಷ,” ಎಂದಳು ತನುಜಾ. ಈಗ ಅವಳು ಗುಂಡಿಯನ್ನೇ ನೋಡುತ್ತಿದ್ದಳು. “ಇಳೀತಾ ಇಲ್ಲ.”

ನೀರು ನಾಗಿಯ ಎದೆ ದಾಟಿ ಕುತ್ತಿಗೆಗೆ ಬಂದಿತ್ತು. ಒಂದು ಸೇವಂತಿಗೆ ಅವಳ ಗಲ್ಲಕ್ಕೆ ತಾಗಿ ನಿಂತಿತ್ತು. ಅವಳು ತಲೆ ಹಿಂದಕ್ಕೆ ಚೆಲ್ಲಿ ಬಾಯಿ ಮೇಲೆ ಮಾಡಿದಳು.

“ಬಿಡು, ಹಯಾತ್ ಭಾಯ್,” ಎಂದಳು. “ಪೂರ್ತಿ ಬಿಡು. ಅಮ್ಮೋರು ಗಡಿಯಾರ ನೋಡ್ತಾ ಇದಾರೆ.”