ಬೇಸಿಗೆಯಲ್ಲಿ ಅಳೆದ ಜೌಗು

ನಗರ ಯೋಜನೆಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಕ್ಷೆ ಬಿಡಿಸುತ್ತಿದ್ದ ಅವಳಿಗೆ ಗೀಟಮ್ಮ ಎಂದು ಹೆಸರಿಟ್ಟವರು ಯಾರೋ ಏನೋ, ಹೆಸರಂತೂ ಅಂಟಿಕೊಂಡುಬಿಟ್ಟಿತ್ತು. ಅವಳು ಗೀಟು ಎಳೆದರೆ ಮುಗಿಯಿತು, ಅಳಿಸುವ ಮಾತೇ ಇಲ್ಲ. ಅವಳ ಹಾಳೆಗೆ ಇದುವರೆಗೆ ಒಂದೇ ಒಂದು ತಿದ್ದುಪಡಿ ಬಂದಿರಲಿಲ್ಲ. ಇದನ್ನು ಅವಳೇ ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದೆ ಬಿಡುತ್ತಿರಲಿಲ್ಲ. ಕೇಳಿ ಕೇಳಿ ಪಕ್ಕದ ಮೇಜಿನ ಗುಮಾಸ್ತನ ಕಿವಿ ತೂತಾಗಿತ್ತು.

ಅವಳ ಅಕ್ಕನದು ಇನ್ನೊಂದು ಲೋಕ. ತಗ್ಗುಬೀದಿಯಲ್ಲಿ, ಇಬ್ಬರೂ ಹುಟ್ಟಿ ಬೆಳೆದ ಮನೆಯಲ್ಲೇ, ಕೆಳಗೆ ಹಾಸಿಗೆ ಹೊಲಿಯುವ ಅಂಗಡಿ, ಮೇಲೆ ಎರಡು ಕೋಣೆ. ಭಾವ ಹತ್ತಿ ಬಿಡಿಸಿ ತುಂಬುತ್ತಿದ್ದ, ಅಕ್ಕ ಉದ್ದನೆಯ ಸೂಜಿಯಲ್ಲಿ ಹೊಲಿಯುತ್ತಿದ್ದಳು. ಬೀದಿಯ ಹಿಂದೆ ಜೊಂಡು ಬೆಳೆದ ದೊಡ್ಡ ಜೌಗು. ಮಳೆ ಹೊಡೆದರೆ ಮೇಲಿನ ಬಡಾವಣೆಗಳ ನೀರೆಲ್ಲ ಅಲ್ಲಿಗೇ ನುಗ್ಗಿ, ಎದೆಮಟ್ಟ ನಿಂತು, ತಿಂಗಳುಗಟ್ಟಲೆ ಮೆಲ್ಲಗೆ ಇಂಗುತ್ತಿತ್ತು. ತಗ್ಗುಬೀದಿ ಎಂದು ಹೆಸರಿದ್ದರೂ ಅಲ್ಲಿ ಯಾರ ಹೊಸ್ತಿಲನ್ನೂ ನೀರು ದಾಟಿದ್ದಿಲ್ಲ.

ಒಂದು ದಿನ ಅಕ್ಕ ಮೂರು ಮಹಡಿ ಹತ್ತಿ ಕಚೇರಿಗೇ ಬಂದಳು. ತಲೆಗೂದಲಲ್ಲಿ ಹತ್ತಿಯ ಎಳೆ, ಕೈಯಲ್ಲಿ ಮುದುಡಿದ ನೋಟೀಸು.

“ಏನೇ ಇದು? ನಮ್ಮ ಜೌಗು ಮುಚ್ಚಿ ಪಾರ್ಕು ಮಾಡ್ತಾರಂತೆ?”

“ಮುಚ್ಚೋಕಾಗಲ್ಲ ಕಣಕ್ಕ. ಈಗ ಹೊಸ ನೀತಿ ಬಂದಿದೆ. ನೀರು ಹಿಡಿಯೋ ಜಾಗ ಯಾರೂ ಮುಟ್ಟೋ ಹಾಗಿಲ್ಲ. ಆ ಜಾಗಗಳನ್ನೆಲ್ಲ ಅಳೆದಿದ್ದೇ ನಾನು!”

“ಮತ್ತೆ ಇದರಲ್ಲಿ ‘ಖಾಲಿ ಜಾಗ’ ಅಂತ ಯಾಕಿದೆ?”

ಗೀಟಮ್ಮ ಕಂಪ್ಯೂಟರಿನಿಂದ ತಯಾರಾಗಿ ಬಂದಿದ್ದ ನಕ್ಷೆ ಬಿಚ್ಚಿದಳು. ತಗ್ಗುಬೀದಿಯ ಜೌಗಿನ ನಂಬರು ಹದಿನೇಳು, ಅದರ ಮೇಲೆ ನೀರಿನ ಜಾಗಕ್ಕೆ ಹಚ್ಚುವ ನೀಲಿ ಇರಲಿಲ್ಲ, ಬರೀ ಬಿಳಿ.

ಆದದ್ದು ಇಷ್ಟು. ಮೂರು ವರ್ಷದ ಹಿಂದೆ ಊರಿನ ಜೌಗು, ಕೆರೆ, ತೊರೆಗಳನ್ನೆಲ್ಲ ಅಳೆಯಲು ಆಜ್ಞೆಯಾಯಿತು. ಅಳತೆ ಎಂದರೆ ಆ ಕಚೇರಿಯಲ್ಲಿ ಬೇಸಿಗೆಯ ಕೆಲಸ. ಮಳೆಗಾಲದಲ್ಲಿ ಹೋದರೆ ಜೀಪು ಹೂತುಕೊಳ್ಳುತ್ತದೆ ನೋಡಿ! ಜೀಪು ಹೂತುಕೊಳ್ಳುವ ಜಾಗ ಹುಡುಕಲು ಜೀಪು ಹೂತುಕೊಳ್ಳದ ಕಾಲದಲ್ಲಿ ಹೊರಡುವ ಜಾಣರನ್ನು ಎಲ್ಲಾದರೂ ಕಂಡಿದ್ದೀರಾ? ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು: ಭೇಟಿಯ ದಿನ ನೆಲದ ಮೇಲೆ ನೀರಿದೆಯೇ? ಗೀಟಮ್ಮ ಬಿರುಕು ಬಿಟ್ಟ ಕೆಸರಿನ ಮೇಲೆ ನಿಂತು ‘ಇಲ್ಲ’ ಎಂದು ಬರೆದಳು. ಕೇಳಿದ್ದು ಆ ದಿನದ ಮಾತು, ಬರೆದದ್ದೂ ಆ ದಿನದ ಮಾತು. ಹಾಗೆಂದು ಅವಳೇನು ಕಣ್ಣು ಮುಚ್ಚಿಕೊಂಡವಳಲ್ಲ, ಕೊನೆಯಲ್ಲಿದ್ದ ಷರಾ ಕಾಲಂನಲ್ಲಿ ‘ಮಳೆಗಾಲದಲ್ಲಿ ಎದೆಮಟ್ಟ ನೀರು ನಿಲ್ಲುತ್ತದೆ’ ಎಂದು ದುಂಡಗೆ ಬರೆದಿದ್ದಳು.

ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ ಅವಳು ಯೋಜನಾಧಿಕಾರಿಯ ಕೋಣೆಗೆ ಹೋದಳು. ಬಾಯಿ ಬಿಟ್ಟರೆ ಹಸಿರು ಎನ್ನುತ್ತಿದ್ದ ಆ ಮನುಷ್ಯನನ್ನು ಇಡೀ ಕಚೇರಿ ಹಿಂದಿನಿಂದ ಹಸಿರು ಸಾಹೇಬ ಎನ್ನುತ್ತಿತ್ತು.

“ಸಾರ್, ಹದಿನೇಳು ಖಾಲಿ ಜಾಗ ಅಲ್ಲ, ಜೌಗು.”

“ನೀರಿಲ್ಲ ಅಂತ ನೀವೇ ಬರ್ದಿದೀರಲ್ಲಮ್ಮ?”

“ಅದು ಬೇಸಿಗೆ ಸಾರ್. ಷರಾದಲ್ಲಿ ವಿವರ ಕೊಟ್ಟಿದೀನಿ.”

“ಷರಾ ಕಂಪ್ಯೂಟರಿಗೆ ಹೋಗಲ್ಲ. ಹೌದು, ಇಲ್ಲ, ಎರಡೇ ಹೋಗೋದು.”

“ಮತ್ತೆ ಆ ಕಾಲಂ ಯಾಕಿಟ್ಟಿದೀರಿ?”

“ಬರೆಯೋರಿಗೆ ಸಮಾಧಾನ ಆಗ್ಲಿ ಅಂತ,” ಎಂದು ಸಾಹೇಬ ನಕ್ಕ. ಆಮೇಲೆ ಮೇಜಿನ ಮೇಲಿನ ಬಣ್ಣದ ಚಿತ್ರವನ್ನು ಅವಳತ್ತ ತಿರುಗಿಸಿದ. “ನೋಡಿ, ನಾವು ಇಲ್ಲಿ ನಿಸರ್ಗವನ್ನೇ ತರ್ತಾ ಇದೀವಿ. ಕೊಳ, ಹುಲ್ಲುಹಾಸು, ಮುನ್ನೂರು ಗಿಡ. ಪ್ರವಾಹಕ್ಕೆ ನಿಸರ್ಗವೇ ಪರಿಹಾರ! ಮಳೆನೀರು ಕೊಳದಲ್ಲಿ ನಿಲ್ಲುತ್ತೆ.”

“ಈಗಲೂ ನಿಲ್ತಾ ಇದೆಯಲ್ಲ ಸಾರ್.”

“ದಾಖಲೆ ಪ್ರಕಾರ ನಿಲ್ತಾ ಇಲ್ಲ.”

ಆದರೂ ಸಾಹೇಬ ಕೆಟ್ಟವನಲ್ಲ, ದಾರಿ ತೋರಿಸಿದ. ಮರು ಅಳತೆಗೆ ಅವಕಾಶವಿತ್ತು. ಅಳೆದವರೇ ಮತ್ತೆ ಅಳೆಯಬೇಕು, ಹೋಲಿಕೆ ಸರಿಹೋಗಲೆಂದು ಮೊದಲ ಸಲ ಅಳೆದ ತಿಂಗಳಲ್ಲೇ ಅಳೆಯಬೇಕು. “ನೀವು ಹೌದು ಅಂತ ಬರೆದ್ರೆ ಮುಗೀತು, ಪಾರ್ಕು ಬೇರೆ ಕಡೆ ಹೋಗುತ್ತೆ. ಆದ್ರೆ ಹಳೇ ಹಾಳೆ ತಪ್ಪು ಅಂತ ಸಹಿ ಹಾಕಿಕೊಡಬೇಕು.”

ಹೊರಗೆ ಬಂದು ಇದನ್ನು ಹೇಳಿದಾಗ ಅಕ್ಕನ ಮುಖ ಅರಳಿತು. “ಅಬ್ಬಾ! ನಿನ್ನ ಕೈಯಲ್ಲೇ ಇದೆ ಅನ್ನು. ಇನ್ಯಾಕೆ ಚಿಂತೆ?” ಎಂದು ತಂಗಿಯ ಕೆನ್ನೆ ಚಿವುಟಿ ಮೆಟ್ಟಿಲಿಳಿದು ಹೋದಳು. ಗೀಟಮ್ಮನಿಗೆ ಮಾತ್ರ ‘ತಪ್ಪು’ ಎಂಬ ಮಾತು ಹಿಡಿಸಲಿಲ್ಲ, ಮೇಜಿಗೆ ಮರಳಿ ತನ್ನ ಹಳೇ ಹಾಳೆಯನ್ನು ತೆಗೆದು ಮತ್ತೆ ಮತ್ತೆ ನೋಡಿದಳು.

ಮರು ಅಳತೆಯ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಜೌಗು ಒಣಗಿ ಹೆಂಚಿನಂತಾಗಿತ್ತು, ಜೊಂಡು ಕಂದಿತ್ತು. ಅಕ್ಕ, ಭಾವ ಮೊದಲೇ ಬಂದು ಕಾದಿದ್ದರು. ಭಾವ ಹೆಚ್ಚು ಮಾತಿನವನಲ್ಲ. ಹಾರೆ ತಂದಿದ್ದ, ಅಗೆಯತೊಡಗಿದ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಗುಂಡಿಯ ತಳ ಕಪ್ಪಾಯಿತು, ಜಿನುಗಿತು, ನೋಡ ನೋಡುತ್ತಿದ್ದಂತೆ ಒಂದು ಬೊಗಸೆ ನೀರು ನಿಂತಿತು.

“ನೋಡೇ!” ಅಕ್ಕ ಚಪ್ಪಾಳೆ ತಟ್ಟಿದಳು. “ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಬರಿ, ಹೌದು ಅಂತ ಬರಿ.”

ಗೀಟಮ್ಮ ನಮೂನೆ ನೋಡಿದಳು, ಗುಂಡಿ ನೋಡಿದಳು. “ನೆಲದ ಮೇಲೆ ಅಂತ ಇದೆ ಅಕ್ಕ. ಇದು ನೆಲದ ಕೆಳಗೆ.”

“ಕೆಳಗಿದ್ರೇನು ಮೇಲಿದ್ರೇನು, ನೀರು ನೀರೇ ತಾನೇ? ಚಿಕ್ಕವಳಿದ್ದಾಗ ಇದೇ ಜಾಗದಲ್ಲಿ ಮುಳುಗ್ತಿದ್ದೆ ನೀನು. ಜುಟ್ಟು ಹಿಡಿದು ಎಳೆದವಳು ನಾನು. ಮರ್ತೋಯ್ತಾ?”

“ಮರ್ತಿಲ್ಲ. ಆದ್ರೆ ನನ್ನ ಹಳೇ ಹಾಳೆ ತಪ್ಪಿರಲಿಲ್ಲ ಅಕ್ಕ. ಆ ದಿನ ನೀರಿರಲಿಲ್ಲ. ತಪ್ಪು ಅಂತ ಹೇಗೆ ಸಹಿ ಹಾಕ್ಲಿ?”

“ಅಂಗಡಿ ತುಂಬ ಹತ್ತಿ ಇದೆಯಲ್ಲೇ. ನೀರು ಬಂದ್ರೆ ನಮ್ಮ ಗತಿ?”

“ಬರಲ್ಲ. ನಾನು ಎಲ್ಲಾ ವಿವರವಾಗಿ ಬರೀತೀನಿ. ಮೇಲಿನವರಿಗೆ ಬೇರೆ ಪತ್ರನೂ ಹಾಕ್ತೀನಿ. ಓದೇ ಓದ್ತಾರೆ.”

ಮೂರ್ಖಳಲ್ಲ ಅವಳು, ಅದೇ ಸಂಕಟ. ಷರಾವನ್ನು ಯಾರೂ ಓದುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ‘ಇಲ್ಲ’ ಎಂದು ಬರೆದು, ಷರಾದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಜೊಂಡು, ಗುಂಡಿ, ಮಳೆಗಾಲ, ಬೀದಿಯ ನಲವತ್ತು ಮನೆ ಎಲ್ಲವನ್ನೂ ತುಂಬಿದಳು. ಸತ್ಯ ಹೇಳಿದೆನೆಂದು ಸಮಾಧಾನ ಮಾಡಿಕೊಂಡಳು. ಎಂಥ ಸತ್ಯವೋ, ಅದಕ್ಕಿಷ್ಟು ಬೆಂಕಿ ಹಾಕ! ಒಂದು ಗೀಟು ಅಳಿಸಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ.

ಅಕ್ಕ ಬಯ್ಯಲಿಲ್ಲ. “ನಿನ್ನ ಹಾಳೆ ಉಳೀತು ಬಿಡು,” ಎಂದಳು. ಭಾವ ಅಗೆದ ಮಣ್ಣನ್ನು ಮತ್ತೆ ಗುಂಡಿಗೆ ಎಳೆದು, ಹಾರೆ ಹೆಗಲಿಗೇರಿಸಿ ಹೊರಟ.

ಎರಡು ತಿಂಗಳು ಲಾರಿಗಳು ಮಣ್ಣು ಸುರಿದವು. ಪಾರ್ಕು ಆಯಿತು. ಕೊಳದ ತಳಕ್ಕೆ ಸಿಮೆಂಟು, ದಂಡೆಗೆ ನಯವಾದ ಕಲ್ಲು, ‘ನಿಸರ್ಗವೇ ಪರಿಹಾರ’ ಎಂಬ ಫಲಕ. ಹಸಿರು ಸಾಹೇಬನಿಗೆ ಪ್ರಶಸ್ತಿ ಬಂತು. ಕಚೇರಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದರು, ಗೀಟಮ್ಮನೂ ತಿಂದಳು. ಅವಳ ಪತ್ರಕ್ಕೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಿದ್ದು ಬಂದಿತ್ತು.

ಆ ವರ್ಷದ ಮೊದಲ ದೊಡ್ಡ ಮಳೆ ಮಧ್ಯಾಹ್ನ ಶುರುವಾಗಿ ಸಂಜೆಯವರೆಗೆ ಹೊಡೆಯಿತು. ಕೊಳ ಒಂದು ಗಂಟೆಯಲ್ಲಿ ತುಂಬಿತು. ಇಂಗಲು ನೆಲವಿಲ್ಲ, ನಿಲ್ಲಲು ಜಾಗವಿಲ್ಲ. ಮೇಲಿನ ಬಡಾವಣೆಗಳ ನೀರು ಹುಲ್ಲುಹಾಸಿನ ಮೇಲೆ ಜಾರುತ್ತ ನೆಟ್ಟಗೆ ತಗ್ಗುಬೀದಿಗೆ ಇಳಿಯಿತು. ಜೀವ ಹೋಗಲಿಲ್ಲ, ಅದೊಂದು ಪುಣ್ಯ. ‘ಅನಿರೀಕ್ಷಿತ ಮಳೆ’ ಎಂದು ಕಚೇರಿ ಹೇಳಿಕೆ ಕೊಟ್ಟಿತು.

ಮರುದಿನ ಬೆಳಿಗ್ಗೆ ಗೀಟಮ್ಮ ರಜೆ ಹಾಕಿ, ಒಂದು ಚೀಲದಲ್ಲಿ ಬ್ರೆಡ್ಡು, ಒಣಗಿದ ಬಟ್ಟೆ ತುಂಬಿಕೊಂಡು ಬಂದಳು. ಅಂಗಡಿಯೊಳಗೆ ಪಾದ ಮುಳುಗುವಷ್ಟು ರಾಡಿ. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗುರುತು. ಹತ್ತಿಯ ಮೂಟೆಗಳು ನೀರು ಕುಡಿದು ಹೆಣಭಾರವಾಗಿ ಮೂಲೆಯಲ್ಲಿ ಬಿದ್ದಿದ್ದವು, ಆಗಲೇ ಹಳಸಿದ ವಾಸನೆ. ಹೊಲಿದಿಟ್ಟ ಹನ್ನೊಂದು ಹಾಸಿಗೆಗಳನ್ನು ಬಿಚ್ಚಿ, ಅಕ್ಕ ಒಬ್ಬಳೇ ಒಂದೊಂದು ಗವಸು ಹಿಂಡುತ್ತಿದ್ದಳು.

ಬಾಗಿಲಲ್ಲಿ ನೆರಳು ಕಂಡು ತಲೆ ಎತ್ತಿದಳು. “ರೀ,” ಎಂದು ಗಂಡನನ್ನು ಕೂಗಿದಳು, “ಮೇಲಿಂದ ಒಂದು ಕುರ್ಚಿ ತನ್ನಿ. ಆಫೀಸಿನ ಮೇಡಂ ಬಂದಿದಾರೆ.”

“ಅಕ್ಕಾ... ನಾನು.”

“ಬನ್ನಿ ಮೇಡಂ. ಜೋಪಾನ, ಜಾರುತ್ತೆ.”

ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಬೀದಿಗೆ ಬಂದ ಯಾವ ಅಧಿಕಾರಿಗಾದರೂ ಹೇಳುವ ಮಾತು ಅದು. ಗೀಟಮ್ಮ ಚೀಲವನ್ನು ಕಿಟಕಿಗೆ ತಗುಲಿಹಾಕಿ, ತೋಳು ಮೇಲೇರಿಸಿ, ಅಕ್ಕ ಹಿಡಿದಿದ್ದ ಗವಸಿನ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ಹಾಸಿಗೆಯ ಗವಸು ಹಿಂಡಲು ಇಬ್ಬರು ಬೇಕು.

ಅಕ್ಕ ತನ್ನ ತುದಿಯನ್ನು ಬಿಟ್ಟುಬಿಟ್ಟಳು. ಗವಸು ರಾಡಿಯಲ್ಲಿ ಬಿತ್ತು.

“ಬಿಡಿ ಮೇಡಂ, ನಿಮ್ಮ ಕೈ ಕೊಳೆಯಾಗುತ್ತೆ.”

ಭಾವ ಕುರ್ಚಿ ತಂದು ಇಟ್ಟ. ತಲೆ ಎತ್ತದೆ, ಅವಳ ಕೈಯಿಂದ ಆ ತುದಿಯನ್ನು ಮೆಲ್ಲಗೆ ಬಿಡಿಸಿಕೊಂಡ. ಗಂಡ ಹೆಂಡತಿ ಇಬ್ಬರೂ ಎದುರುಬದುರು ನಿಂತು ಹಿಂಡತೊಡಗಿದರು. ಗೀಟಮ್ಮ ಇನ್ನೇನು ಮಾಡಲೂ ತೋಚದೆ ಕುರ್ಚಿಯಲ್ಲಿ ಕೂತಳು.