ಏದೀಸಳ ಮೊಣಕಾಲು

ರಬ್ಬರು ಪಟ್ಟಿಯ ಕೋಲಿನಿಂದ ನೀರನ್ನು ಮೋರಿಯತ್ತ ತಳ್ಳುತ್ತ ಕೊನೆಯ ಷವರಿನ ತನಕ ಬಂದಾಗ ಏದೀಸಳ ಬಲ ಮೊಣಕಾಲು ಮತ್ತೆ ಹಿಡಿದುಕೊಂಡಿತು. ಗೋಡೆಗೆ ಕೈಕೊಟ್ಟು ನಿಂತಳು. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣು ಹಾಯಿಸಿ, ಕೋಲನ್ನೇ ಊರುಗೋಲು ಮಾಡಿಕೊಂಡು ಮುಂದುವರಿಸಿದಳು.

ಐಸ್‌ಲ್ಯಾಂಡಿನ ಉತ್ತರ ದಂಡೆಯ ಆ ಊರಿನ ಈಜುಕೊಳದಲ್ಲಿ ಹೆಂಗಸರ ಸ್ನಾನದ ಕೋಣೆ ಅವಳ ಸುಪರ್ದಿ. ಕೊಳಕ್ಕಿಳಿಯುವ ಮುಂಚೆ ಎಲ್ಲರೂ ಮೈಮೇಲೆ ಒಂದು ನೂಲೂ ಇಲ್ಲದೆ ಸೋಪು ಹಚ್ಚಿ ತೊಳೆದುಕೊಳ್ಳಬೇಕು. ಪರದೆಯಿಲ್ಲ, ಬಾಗಿಲಿಲ್ಲ. ತೊಳೆದುಕೊಂಡರೋ ಇಲ್ಲವೋ ನೋಡುವುದೇ ಅವಳ ಕೆಲಸ. ಬಸುರಿಯರು, ಮುದುಕಿಯರು, ಮೀನಿನ ಕಾರ್ಖಾನೆಯ ಹುಡುಗಿಯರು, ಬ್ಯಾಂಕಿನ ಮ್ಯಾನೇಜರು, ಎಲ್ಲರ ಮೈಯೂ ಅವಳಿಗೆ ಗೊತ್ತು. ಅವಳ ಮೈ ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊಣಕಾಲಿಗೆಂದು ದಿನಾ ಎದೆಮಟ್ಟದ ಬೆಚ್ಚನೆಯ ನೀರಿನಲ್ಲಿ ನಡೆ ಎಂದಿದ್ದರು ಡಾಕ್ಟರು. ಇಲ್ಲವಾದರೆ ಚಳಿಗಾಲದ ಹೊತ್ತಿಗೆ ನಿಂತು ಮಾಡುವ ಈ ಕೆಲಸ ಬಿಡಬೇಕಾದೀತು. ನಡೀತಾ ಇದೀನಿ ಎಂದು ಅವರಿಗೆ ಸುಳ್ಳು ಹೇಳಿಬಂದಿದ್ದಳು. ಮೊದಲು ತೂಕ ಇಳಿಯಲಿ, ನೀರು ಆಮೇಲೆ. ಇದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಅದಕ್ಕೆಂದೇ ರಾತ್ರಿ ಬರೀ ಒಂದು ಬಟ್ಟಲು ಗಟ್ಟಿಮೊಸರು ತಿಂದು ಮಲಗುತ್ತಿದ್ದಳು. ಕೆಲಸ ಮುಗಿದ ಮೇಲೆ ದೀಪಸ್ತಂಭದ ಗುಡ್ಡವನ್ನು ಹಲ್ಲು ಕಚ್ಚಿಕೊಂಡು ಹತ್ತಿಳಿಯುತ್ತಿದ್ದಳು. ತೂಕ ಇಳಿಯಲಿಲ್ಲ, ಮೊಣಕಾಲು ಊದಿತು. ಊದಿದಷ್ಟೂ ಅದರ ಮೇಲೆ ಸಿಟ್ಟು ಬಂದು ಮರುದಿನ ಇನ್ನೂ ಜೋರಾಗಿ ಹತ್ತುತ್ತಿದ್ದಳು.

ಪ್ರವಾಸಕ್ಕೆ ಬಂದ ಹೊರದೇಶದ ಹೆಂಗಸೊಬ್ಬಳು ಈಜುಡುಗೆ ತೊಟ್ಟುಕೊಂಡೇ ಗೋಡೆಗಂಟಿಕೊಂಡು ಕೊಳದ ಬಾಗಿಲತ್ತ ಸರಿಯುತ್ತಿದ್ದಳು.

"ಹಂಗೇ ಹೋಗಂಗಿಲ್ಲಮ್ಮ. ಎಲ್ಲಾ ತೆಗೆದು ತೊಳ್ಕೊಂಡು ಹೋಗು."

"ನನ್ನ ಹೊಟ್ಟೆ ನೋಡಿದ್ರೆ ನೀವು ಹಂಗನ್ನಲ್ಲ. ಹೆರಿಗೆ ಆದ್ಮೇಲೆ ಜೋತುಬಿದ್ದಿದೆ."

"ಮಗು ಇದ್ದ ಜಾಗ ಅಲ್ವಾ, ಹಂಗೇ ಇರತ್ತೆ. ಇಲ್ಲಿ ಯಾರೂ ನೋಡಲ್ಲ. ನೋಡಿದ್ರೂ ಅವರವರ ಅಮ್ಮಂದೂ ಹಂಗೇ ಇತ್ತು ಬಿಡು."

ಆಕೆಗೆ ನಗು ಬಂತು. ಬೆನ್ನು ತಿರುಗಿಸಿ ಈಜುಡುಗೆ ಕಳಚಿದಳು.

ಮೂಲೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ ಸಿಗ್ನಿ ಎಲ್ಲ ಕೇಳಿಸಿಕೊಂಡಿದ್ದಳು. ಎಂಬತ್ತು ದಾಟಿದ ಮುದುಕಿ. ಪ್ರಾಯದಲ್ಲಿ ಬಂದರಿನ ಕಟ್ಟೆಯ ಮೇಲೆ ಮೀನು ಉಪ್ಪಿಗೆ ಹಾಕಿ ಗಟ್ಟಿಯಾದ ಜೀವ.

"ಏನ್ ಚೆಂದ ಮಾತಾಡ್ತೀಯೇ! ಪಾದ್ರಿಗೂ ಬರಲ್ಲ ಇಷ್ಟು ಚೆನ್ನಾಗಿ. ಬಾ, ಬೆನ್ನು ಉಜ್ಜು."

"ಯಾಕೆ, ಮನೇಲಿ ಗಂಡ ಇಲ್ವಾ ಸಿಗ್ನಿ?"

"ಅವನಾ? ದೋಣಿ ಕೆರೆದ ಹಂಗೆ ಕೆರೀತಾನೆ. ತೊಗಲೇ ಕಿತ್ತು ಬರತ್ತೆ."

ಏದೀಸ್ ಸ್ಪಂಜಿಗೆ ಸೋಪು ಹಚ್ಚಿದಳು. ಬಾಗಿದ ಬೆನ್ನು, ಸೊಂಟದ ಬಳಿ ಮಡಿಕೆ ಮಡಿಕೆಯಾಗಿ ಇಳಿದ ಚರ್ಮ, ಪಕ್ಕೆಯಲ್ಲಿ ಹಳೆಯ ಆಪರೇಷನ್ನಿನ ಗೆರೆ. ಗೆರೆಯ ಹತ್ತಿರ ಕೈ ತಾನಾಗಿ ಹಗುರಾಯಿತು. ಮಡಿಕೆಯನ್ನು ಎತ್ತಿ ಒಳಗೂ ತೊಳೆದು, ನೀರು ಹದವಾಗಿದೆಯೇ ಎಂದು ತನ್ನ ಮುಂಗೈಗೆ ಬಿಟ್ಟು ನೋಡಿಕೊಂಡು ಆಮೇಲೆ ಹಾಕಿದಳು. ಮನೆಯಲ್ಲಿ ತನ್ನ ಮೈಯನ್ನು ಅವಳು ಹೀಗೆ ತೊಳೆಯುತ್ತಿರಲಿಲ್ಲ. ಕನ್ನಡಿಗೆ ಟವೆಲು ಹೊದಿಸಿ, ತಳ ಹಿಡಿದ ಪಾತ್ರೆ ತಿಕ್ಕಿದಂತೆ ತಿಕ್ಕಿ ಮುಗಿಸಿಬಿಡುತ್ತಿದ್ದಳು.

"ಕುಂಟ್ತಿದೀಯಲ್ಲ," ಅಂದಳು ಸಿಗ್ನಿ.

"ಇಲ್ಲಪ್ಪ, ನೆಲ ಜಾರತ್ತೆ."

"ನೆಲ ಒರೆಸೋಳು ನೀನೇ ಅಲ್ವೇನೇ?"

ಏದೀಸ್ ಬಗ್ಗಿ ಸ್ಪಂಜು ಹಿಂಡಿದಳು.

"ಹೊರಗೆ ಬಿಸಿನೀರ ತೊಟ್ಟೀಲಿ ನನ್ನ ಪಕ್ಕ ಲೂವಿಸಾ ಬಂದು ಕೂರ್ತಾಳೆ. ಅವಳ ಬಾಯಿ ಮುಚ್ಚೋದೇ ಇಲ್ಲ. ನೀನು ಬಂದು ಆ ಜಾಗ ಹಿಡ್ಕೊಂಡ್ರೆ ನನ್ನ ಕಿವಿ ಉಳಿಯತ್ತೆ," ಅಂದಳು ಸಿಗ್ನಿ.

"ಸ್ವಲ್ಪ ಸಣ್ಣ ಆಗ್ತೀನಿ, ಆಮೇಲೆ ಬರ್ತೀನಿ."

ಸಿಗ್ನಿ ಹಿಂದಕ್ಕೆ ತಿರುಗಿ ಅವಳ ಮುಖ ನೋಡಿದಳು. ತಲೆಗೆ ಸೋಪು ಹಚ್ಚಿಕೊಳ್ಳುತ್ತಿದ್ದ ಪ್ರವಾಸಿಯ ಕಡೆ ಗದ್ದ ಚಾಚಿ, "ಮತ್ತೆ ಅವಳಿಗೆ ಯಾಕೆ ಹಂಗನ್ಲಿಲ್ಲ? ಹೊಟ್ಟೆ ಕರಗಿಸ್ಕೊಂಡು ಬಾ, ಆಮೇಲೆ ಒಳಗೆ ಬಿಡ್ತೀನಿ ಅಂತ?" ಎಂದಳು.

ಅದೆಲ್ಲ ಯಾರಿಗಾದರೂ ಹೇಳುವ ಮಾತೇ ಎನ್ನಬೇಕೆಂದು ಏದೀಸ್ ಬಾಯಿ ತೆರೆದಳು. ಅದನ್ನು ಹಾಗೇ ಬಿಟ್ಟು ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. ಮುದುಕಿಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಕೊಳದ ಬಾಗಿಲವರೆಗೆ ಬಿಟ್ಟುಬಂದಳು. ಹೊರಗೆ ಹಬೆಯೊಳಗಿಂದ ಹೆಂಗಸರ ನಗು ಕೇಳುತ್ತಿತ್ತು.

ಮಧ್ಯಾಹ್ನದ ಪಾಳಿಗೆ ಹುಲ್ದಾ ಬಂದಳು. ಏದೀಸ್ ಬೆಂಚಿನ ಮೇಲೆ ಕೂತು ಗುಡ್ಡ ಹತ್ತುವ ಬೂಟು ಹಾಕಿಕೊಳ್ಳುತ್ತಿದ್ದಳು. ಮೇಲೆ ಮಡಿಸಿದ ಪ್ಯಾಂಟಿನ ಕೆಳಗೆ ಮೊಣಕಾಲು ಬನ್ನಿನಂತೆ ಉಬ್ಬಿತ್ತು. ದಿನದಂತೆ ಸಿಟ್ಟಿನಿಂದ ಗುದ್ದಲು ಎತ್ತಿದ ಮುಷ್ಟಿ ಯಾಕೋ ಬಿಚ್ಚಿಕೊಂಡಿತು. ಅಂಗೈಯನ್ನು ಅದರ ಮೇಲೆ ಇಟ್ಟಳು. ಕಾದಿತ್ತು. ಇಷ್ಟು ವರ್ಷ ಈ ಒದ್ದೆ ನೆಲದ ಮೇಲೆ ತನ್ನನ್ನು ಹೊತ್ತು ಓಡಾಡಿದ್ದು ಇದೇ ಅಲ್ಲವೇ? ಊರವರ ಬೆನ್ನಿಗೆಲ್ಲ ಕೊಟ್ಟ ಕೈಯನ್ನು ಇದಕ್ಕೆ ಕೊಟ್ಟಿರಲಿಲ್ಲ. ಕೈ ತೆಗೆಯಲು ಮನಸ್ಸಾಗಲಿಲ್ಲ.

"ಗುಡ್ಡಕ್ಕಾ?" ಹುಲ್ದಾ ಕೇಳಿದಳು.

"ಇವತ್ತು ಇಲ್ಲ."

ಬೂಟು ಬಿಚ್ಚಿ ಮಾಮೂಲಿ ಷೂ ಎಳೆದುಕೊಂಡಳು. ಮನೆಯ ಕಪಾಟಿನಲ್ಲಿ ಒಂದು ಈಜುಡುಗೆ ಇತ್ತು. ಮುಂದೆಂದೋ ಸಣ್ಣಗಾಗಲಿರುವ ಏದೀಸಳಿಗೆಂದು ಕೊಂಡದ್ದು, ಅಂಗಡಿಯ ಚೀಟಿ ಇನ್ನೂ ಹಾಗೇ ಇತ್ತು. ಅದು ಅಲ್ಲೇ ಇರಲಿ. ಬಂದರಿನ ಎದುರಿನ ಅಂಗಡಿ ಸಂಜೆಯ ತನಕ ತೆರೆದಿರುತ್ತದೆ. ಇವತ್ತಿನ ತನ್ನ ಅಳತೆಗೇ ಒಂದು ತರಬೇಕು. ನಾಳೆ ರಜೆ, ಖಾಲಿ ಹೊತ್ತು ನೋಡಿಕೊಂಡಲ್ಲ, ಬೆಳಗ್ಗೆ ಹೆಂಗಸರೆಲ್ಲ ಇರುವಾಗಲೇ ಬಂದು ಷವರಿನ ಕೆಳಗೆ ನಿಲ್ಲಬೇಕು.

"ಮತ್ತೆ ಇಷ್ಟು ಅವಸರದಲ್ಲಿ ಎಲ್ಲಿಗೆ?"

"ಹಾಲು ಮುಗಿದಿದೆ," ಎಂದು ಏದೀಸ್ ಕೋಟಿನ ಗುಂಡಿ ಹಾಕಿಕೊಂಡಳು.